ಕ್ಯಾಮೆರಾ ಯಾವುದು ಅಂತ ಕೊನೆಗೆ ಕೇಳಿ

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಮರೆತಿದ್ದ ಒಂದೆರಡು ಲೆಕ್ಕ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ. ಮೈಕು ಕೈಕೊಟ್ಟರೆ ನನ್ನ ಗಂಟಲಿಗೆ ಕಷ್ಟ.

ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ತರ ಇರುತ್ತವೆ. "ಸರ್, ಟೆಲಿಸ್ಕೋಪ್ ತಗೊಂಡಿದೀನಿ. ಫೋಟೋ ತೆಗೀಬೇಕು. ಯಾವ ಕ್ಯಾಮೆರಾ ತಗೊಳ್ಳಲಿ?" ನಾನು ತಿರುಗಿಸಿ ಕೇಳುತ್ತೇನೆ: ಟೆಲಿಸ್ಕೋಪಿನ ಫೋಕಲ್ ಲೆಂತ್ (ಕನ್ನಡಿ ಅಥವಾ ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಎಷ್ಟು? ಅದು ಕೂತಿರುವ ಸ್ಟ್ಯಾಂಡ್ ಎಂಥದ್ದು? ತೆಗೆಯಬೇಕು ಅಂತಿರೋದು ಚಂದ್ರನನ್ನೋ, ಗುರುವನ್ನೋ, ನೀಹಾರಿಕೆಯನ್ನೋ? ಅಷ್ಟು ಹೊತ್ತಿಗೆ ಆ ಕಡೆಯವರಿಗೆ ಬೇಜಾರಾಗಿರುತ್ತದೆ. ಅವರಿಗೆ ಬೇಕಾಗಿದ್ದು ಒಂದು ಹೆಸರು ಮತ್ತು ಒಂದು ಬೆಲೆ. ಆದರೆ ಚಪ್ಪಲಿ ಅಂಗಡಿಗೆ ಹೋದರೂ ಮೊದಲು ಕಾಲಿನ ಅಳತೆ ಕೇಳುತ್ತಾರೆ, ಅಲ್ವಾ?

ಅಳತೆ ತೆಗೆದುಕೊಳ್ಳದೆ ನಾನೇ ಒಮ್ಮೆ ಚಪ್ಪಲಿ ಕೊಂಡಿದ್ದೆ. ಆ ಕಥೆಯಿಂದಲೇ ಶುರು ಮಾಡುತ್ತೇನೆ.

ನನ್ನ ಮೊದಲ ಟೆಲಿಸ್ಕೋಪ್ 130 ಮಿಲಿಮೀಟರ್ ಕನ್ನಡಿಯ ನ್ಯೂಟೋನಿಯನ್, ಅಂದರೆ ಲೆನ್ಸಿನ ಬದಲು ಕನ್ನಡಿಯಿಂದ ಬೆಳಕು ಹಿಡಿಯುವ ಬಗೆ. ಫೋಕಲ್ ಲೆಂತ್ 650 ಮಿ.ಮೀ. ಒಂದು ವರ್ಷ ಕಣ್ಣಲ್ಲೇ ನೋಡಿದೆ. ಆಮೇಲೆ ಆಸೆ ಹತ್ತಿತು. ಬೋನಸ್ ಬಂದ ತಿಂಗಳು ಲೆನ್ಸ್ ಕಳಚಬಹುದಾದ ದೊಡ್ಡ ಕ್ಯಾಮೆರಾ, ಅಂದರೆ ಒಂದು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಂದೆ. ಅದನ್ನು ಟೆಲಿಸ್ಕೋಪಿಗೆ ಕೂರಿಸಲು ಟಿ-ರಿಂಗ್ ಅಂತ ಒಂದು ಬಳೆ ಬೇಕು, ಅದನ್ನೂ ತರಿಸಿದೆ. ಅವತ್ತು ಹುಣ್ಣಿಮೆಗೆ ಎರಡು ದಿನ ಇತ್ತು. ಕ್ಯಾಮೆರಾ ಹಾಕಿದೆ, ಪರದೆ ನೋಡಿದೆ. ಮಧ್ಯದಲ್ಲಿ ಬೆಳ್ಳಗೆ ಏನೋ ಒಂದು, ಕಾವಲಿ ಮೇಲೆ ಹರಡಿದ ದೋಸೆ ಹಿಟ್ಟಿನ ತರ. ಫೋಕಸರ್, ಅಂದರೆ ಬಿಂಬ ಸ್ಪಷ್ಟ ಮಾಡಲು ಒಳಗೆ-ಹೊರಗೆ ಸರಿಯುವ ಕೊಳವೆ, ಒಳಗೆ ತಿರುಗಿಸಿದೆ. ದೋಸೆ ಚಿಕ್ಕದಾಯಿತು. ಇನ್ನೂ ತಿರುಗಿಸಿದೆ, ಇನ್ನೂ ಚಿಕ್ಕದಾಯಿತು, ಅಂಚು ಕಾಣುತ್ತೆ ಅನ್ನುವಷ್ಟರಲ್ಲಿ ಟಕ್ ಅಂತ ಫೋಕಸರ್ ನಿಂತಿತು. ಮುಂದೆ ಹೋಗಲು ಜಾಗವೇ ಇಲ್ಲ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡೆ. ಕನ್ನಡಿ ಅಲುಗಾಡಿದೆ ಅಂದುಕೊಂಡೆ. ರಾತ್ರಿ ಒಂದು ಗಂಟೆಗೆ ಸ್ಕ್ರೂಡ್ರೈವರ್ ಹುಡುಕುತ್ತಾ ಅಡುಗೆಮನೆ ಡ್ರಾಯರ್ ಎಳೆದು, ಅಮ್ಮನನ್ನು ಎಬ್ಬಿಸಿ ಬೈಸಿಕೊಂಡೆ.

ಏನೂ ಕೆಟ್ಟಿರಲಿಲ್ಲ. ಕಣ್ಣಿಂದ ನೋಡಲು ಮಾಡಿದ ನ್ಯೂಟೋನಿಯನ್‌ನಲ್ಲಿ ಬಿಂಬ ಮೂಡುವ ಜಾಗ ಫೋಕಸರಿನ ಬಾಯಿಂದ ಸ್ವಲ್ಪವೇ ಹೊರಗಿರುತ್ತದೆ. ಕಣ್ಣಿಡುವ ಲೆನ್ಸಿಗೆ, ಅಂದರೆ ಐಪೀಸಿಗೆ, ಅಷ್ಟು ಸಾಕು. ಡಿಎಸ್‌ಎಲ್‌ಆರ್‌ನ ಒಳಗೆ ಕನ್ನಡಿಪೆಟ್ಟಿಗೆ ಇದೆಯಲ್ಲ, ಅದರಿಂದಾಗಿ ಬೆಳಕು ಹಿಡಿಯುವ ಸೆನ್ಸರ್ ತುಂಬಾ ಹಿಂದೆ ಕೂತಿರುತ್ತದೆ. ಕ್ಯಾನನ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ 44 ಮಿ.ಮೀ. ನಿಕಾನ್‌ನಲ್ಲಿ 46.5. ಟಿ-ರಿಂಗ್ ಸೇರಿದರೆ ಎರಡರಲ್ಲೂ 55 ಮಿ.ಮೀ. ಬಿಂಬ ಮೂಡಿದೆ, ಆದರೆ ಸೆನ್ಸರ್ ಅಲ್ಲಿಗೆ ತಲುಪುತ್ತಿಲ್ಲ. ಬಾವಿಯಲ್ಲಿ ನೀರಿದೆ, ಹಗ್ಗ ಸಾಲುತ್ತಿಲ್ಲ. ಮಾರಿದವರು ಈ ಮಾತು ಎತ್ತಲೇ ಇಲ್ಲ. ನಾನೂ ಕೇಳಲಿಲ್ಲ ಅನ್ನಿ.

ಕೊನೆಗೆ ಒಂದು ಬಾರ್ಲೋ ಲೆನ್ಸ್ ಹಾಕಿದಾಗ ಫೋಕಸ್ ಸಿಕ್ಕಿತು. ಬಾರ್ಲೋ ಬಿಂಬವನ್ನು ಹೊರಗೆ ತಳ್ಳುತ್ತದೆ, ಜೊತೆಗೆ ದೊಡ್ಡದೂ ಮಾಡುತ್ತದೆ. ಚಂದ್ರನಿಗೆ ಸರಿಹೋಯಿತು, ನೀಹಾರಿಕೆಗೆ ಅದೇ ತೊಂದರೆ ಆಯಿತು. ಕೆಲವರು ದೊಡ್ಡ ಕನ್ನಡಿಯನ್ನೇ ಕೊಳವೆಯಲ್ಲಿ ಒಂದೆರಡು ಇಂಚು ಮೇಲಕ್ಕೆ ಸರಿಸುತ್ತಾರೆ. ಕೈಯಲ್ಲಿ ಕೆಲಸ ಇರುವವರು ಮಾಡಬಹುದು. ಲೆನ್ಸ್ ಇರುವ ಟೆಲಿಸ್ಕೋಪುಗಳಲ್ಲಿ, ಅಂದರೆ ರಿಫ್ರ್ಯಾಕ್ಟರ್‌ಗಳಲ್ಲಿ, ಈ ಗೋಳು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನ್ಯೂಟೋನಿಯನ್ ಇರುವವರು ಡಿಎಸ್‌ಎಲ್‌ಆರ್ ಕೊಳ್ಳುವ ಮೊದಲು, ಅದೇ ಮಾಡೆಲ್ ಟೆಲಿಸ್ಕೋಪ್ ಇರುವ ಯಾರನ್ನಾದರೂ ಹುಡುಕಿ "ಫೋಕಸ್ ಆಗುತ್ತಾ?" ಅಂತ ಕೇಳಿ. ಇಲ್ಲವೇ ಗೆಳೆಯರ ಕ್ಯಾಮೆರಾ ಒಂದು ರಾತ್ರಿ ಎರವಲು ತನ್ನಿ.

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಭಾಗಾಕಾರ ಬಂದರೆ ಸಾಕು.

ಟೆಲಿಸ್ಕೋಪಿನ ಫೋಕಲ್ ಲೆಂತನ್ನು 110ರಿಂದ ಭಾಗಿಸಿ. ಸೆನ್ಸರಿನ ಮೇಲೆ ಚಂದ್ರನ ಬಿಂಬ ಎಷ್ಟು ಮಿಲಿಮೀಟರ್ ಅಂತ ಸಿಗುತ್ತದೆ. ಆಕಾಶದಲ್ಲಿ ಚಂದ್ರ ಸುಮಾರು ಅರ್ಧ ಡಿಗ್ರಿ ಅಗಲ, ಅದರಿಂದ ಬಂದ ಲೆಕ್ಕ ಇದು. ನನ್ನ 650ಕ್ಕೆ ಸುಮಾರು 6 ಮಿ.ಮೀ. ಇಲ್ಲಿ ತುಂಬಾ ಜನರ ಹತ್ತಿರ ಇರುವ, ನೆಲದ ಮೇಲೆ ಪೆಟ್ಟಿಗೆಯಂಥ ಸ್ಟ್ಯಾಂಡಿನಲ್ಲಿ ಕೂರುವ 8 ಇಂಚಿನ ಡಾಬ್ಸೋನಿಯನ್‌ಗೆ ಫೋಕಲ್ ಲೆಂತ್ 1200, ಅದಕ್ಕೆ 11 ಮಿ.ಮೀ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಪೂರ್ತಿ ಚಂದ್ರ ಆರಾಮಾಗಿ ಕೂರುತ್ತಾನೆ. ಅದೇ ಗ್ರಹಗಳಿಗೆಂದು ಮಾರುವ ಚಿಕ್ಕ ಕ್ಯಾಮೆರಾಗಳಲ್ಲಿ ಸೆನ್ಸರಿನ ಅಗಲ ಐದಾರು ಮಿ.ಮೀ. ಚಂದ್ರನನ್ನು ತುಂಡು ತುಂಡಾಗಿ ತೆಗೆದು, ಆಮೇಲೆ ಕೌದಿ ಹೊಲಿದ ಹಾಗೆ ಜೋಡಿಸಬೇಕು.

ಇದನ್ನು ಕೇಳಿ "ಹಾಗಾದರೆ ದೊಡ್ಡ ಸೆನ್ಸರೇ ವಾಸಿ" ಅನ್ನುವವರಿಗೆ ಗುರುಗ್ರಹ ತೋರಿಸುತ್ತೇನೆ. ಗುರು ನಮಗೆ ಹತ್ತಿರ ಬಂದಾಗ ಅವನ ಅಗಲ 45 ಆರ್ಕ್‌ಸೆಕೆಂಡ್ ಆಸುಪಾಸು. ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್ ಇರುತ್ತವೆ. 1200 ಫೋಕಲ್ ಲೆಂತ್‌ನಲ್ಲಿ ಅವನ ಬಿಂಬ ಬರೀ ಕಾಲು ಮಿಲಿಮೀಟರ್. ಒಂದು ರಾಗಿ ಕಾಳಿನಷ್ಟೂ ಇಲ್ಲ. 22 ಮಿ.ಮೀ. ಸೆನ್ಸರಿನ ಉಳಿದ ಜಾಗವೆಲ್ಲ ಖಾಲಿ ಕತ್ತಲೆ. ಅದಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ!

ಇಲ್ಲಿ ಬೇಕಾಗುವ ಇನ್ನೊಂದು ಲೆಕ್ಕ ಇದೆ. ಈ ಮಾತಿನಲ್ಲಿ ಒಂದೇ ಒಂದು ಸಂಗತಿ ಬರೆದುಕೊಳ್ಳುವುದಿದ್ದರೆ ಇದನ್ನು ಬರೆದುಕೊಳ್ಳಿ. ಪಿಕ್ಸೆಲ್‌ನ ಅಳತೆಯನ್ನು (ಸೆನ್ಸರಿನ ಒಂದು ಚುಕ್ಕಿಯ ಅಗಲ) ಮಿಲಿಮೀಟರಿನ ಸಾವಿರದ ಒಂದು ಪಾಲಾದ ಮೈಕ್ರಾನ್‌ನಲ್ಲಿ ತಗೊಳ್ಳಿ, 206ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್‌ಸೆಕೆಂಡ್ ನೋಡುತ್ತದೆ ಅಂತ ಗೊತ್ತಾಗುತ್ತದೆ. 18 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾನನ್‌ಗಳಲ್ಲಿ ಪಿಕ್ಸೆಲ್ 4.3 ಮೈಕ್ರಾನ್. 1200ಕ್ಕೆ ಲೆಕ್ಕ ಹಾಕಿದರೆ ಒಂದು ಪಿಕ್ಸೆಲ್‌ಗೆ 0.74 ಆರ್ಕ್‌ಸೆಕೆಂಡ್. ಗುರು ಅಡ್ಡಕ್ಕೆ 60 ಪಿಕ್ಸೆಲ್. ಚಿಕ್ಕ ಕ್ಯಾಮೆರಾದ 2.9 ಮೈಕ್ರಾನ್ ಪಿಕ್ಸೆಲ್‌ಗೆ ಅದೇ ಗುರು 90 ಪಿಕ್ಸೆಲ್. ಅದಕ್ಕೆ ಎರಡೂವರೆ ಪಟ್ಟಿನ ಬಾರ್ಲೋ ಸೇರಿಸಿದರೆ 225 ದಾಟುತ್ತದೆ. ಆಗ ಪಟ್ಟೆಗಳ ಒಳಗಿನ ಸುರುಳಿಗಳೂ ಕಾಣುತ್ತವೆ.

ಎರಡೂವರೆ ಪಟ್ಟು ಅಂತ ಸುಮ್ನೆ ಹೇಳಲಿಲ್ಲ. ಗ್ರಹಗಳಿಗೆ ಒಂದು ಅಂದಾಜು ಲೆಕ್ಕ ಬಳಕೆಯಲ್ಲಿದೆ. ಪಿಕ್ಸೆಲ್‌ನ ಮೈಕ್ರಾನ್ ಅಳತೆಯ ಐದು ಪಟ್ಟು ನಿಮ್ಮ ಎಫ್ ಸಂಖ್ಯೆ (ಫೋಕಲ್ ಲೆಂತನ್ನು ಕನ್ನಡಿಯ ಅಗಲದಿಂದ ಭಾಗಿಸಿದ್ದು) ಇರಲಿ. 2.9ಕ್ಕೆ ಎಫ್/15. 8 ಇಂಚಿನ ಡಾಬ್ಸೋನಿಯನ್ ಎಫ್/6 ಇರುತ್ತದೆ. ಎರಡೂವರೆ ಪಟ್ಟು ಮಾಡಿದರೆ ಸರಿಯಾಗಿ 15. ಅದಕ್ಕಿಂತ ಜಾಸ್ತಿ ಎಳೆದರೆ ಗುರು ದೊಡ್ಡವನಾಗುತ್ತಾನೆ, ವಿವರ ಹೆಚ್ಚಾಗುವುದಿಲ್ಲ. ಮಜ್ಜಿಗೆಗೆ ನೀರು ಹಾಕಿದ ಹಾಗೆ.

ಮೆಗಾಪಿಕ್ಸೆಲ್ ಜಾಸ್ತಿ ಇರಲಿ ಅಂತ ನಾನು ಇಲ್ಲಿಯವರೆಗೆ ಎಲ್ಲೂ ಹೇಳಿಲ್ಲ, ಗಮನಿಸಿದಿರಾ? ಗ್ರಹದ ಫೋಟೋಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಬೇಕಾಗಿರುವುದು ವೇಗ. ನಮ್ಮ ತಲೆ ಮೇಲಿನ ಗಾಳಿ ಸದಾ ಕದಡುತ್ತಿರುತ್ತದೆ. ಹೊಳೆಯ ತಳದ ಕಲ್ಲನ್ನು ಮೇಲಿಂದ ನೋಡಿದ ಹಾಗೆ ಗುರು ಅಲುಗಾಡುತ್ತಾನೆ, ಆಗೊಮ್ಮೆ ಈಗೊಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸ್ಪಷ್ಟ ಆಗುತ್ತಾನೆ. ಆ ಕ್ಷಣಗಳನ್ನು ಹಿಡಿಯಲು ಫೋಟೋ ಬದಲು ವಿಡಿಯೋ ತೆಗೆಯುತ್ತೇವೆ. ಸೆಕೆಂಡಿಗೆ 100 ಫ್ರೇಮ್‌ನಂತೆ ಎರಡು ನಿಮಿಷಕ್ಕೆ 12,000 ಫ್ರೇಮ್. ಆಟೋಸ್ಟಾಕರ್ಟ್ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ. ಅದು ಅಷ್ಟರಲ್ಲಿ ಒಳ್ಳೆಯವನ್ನು ಆರಿಸಿ ಒಂದರ ಮೇಲೊಂದು ಪೇರಿಸುತ್ತದೆ. ಅಕ್ಕಿ ಕೇರಿದ ಹಾಗೆ. ಎರಡು ನಿಮಿಷ ಯಾಕೆ, ಹತ್ತು ನಿಮಿಷ ತೆಗೆಯಬಾರದಾ ಅಂದರೆ, ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ಸುತ್ತಿಬಿಡುತ್ತಾನೆ. ತಡ ಮಾಡಿದರೆ ಅವನ ಮೈಮೇಲಿನ ಕಲೆಗಳೇ ಜಾಗ ಬಿಟ್ಟಿರುತ್ತವೆ.

ಇಷ್ಟು ವೇಗದ ವಿಡಿಯೋ ಲ್ಯಾಪ್‌ಟಾಪಿಗೆ ಹರಿಯಬೇಕಾದರೆ ಯುಎಸ್‌ಬಿ 3 ಇರಬೇಕು, ಲ್ಯಾಪ್‌ಟಾಪಿನಲ್ಲೂ ಇರಬೇಕು. 640×480 ಅಳತೆಯ ಚಿಕ್ಕ ಚೌಕಟ್ಟಿಗೇ ಆ ಎರಡು ನಿಮಿಷ ಮೂರೂವರೆ ಜಿಬಿ ದಾಟುತ್ತದೆ. ಹಳೇ ಲ್ಯಾಪ್‌ಟಾಪಿನ ಡಿಸ್ಕ್ ಏದುಸಿರು ಬಿಡುತ್ತದೆ. ಕ್ಯಾಮೆರಾದ ಬಜೆಟ್ ಹಾಕುವಾಗ ಇದನ್ನು ಯಾರೂ ಎಣಿಸುವುದಿಲ್ಲ.

ಈ ಚಿಕ್ಕ ಕ್ಯಾಮೆರಾಗಳು ನೋಡಲು ಐಪೀಸಿನ ಹಾಗೇ ಇರುತ್ತವೆ. ಫೋಕಸರಿನ ತೂತಿಗೆ ನೇರ ತೂರಿಸಬಹುದು. ಸೆನ್ಸರ್ ಮೂತಿಯ ಹತ್ತಿರವೇ ಇರುವುದರಿಂದ ನನ್ನ ದೋಸೆ ಕಥೆ ಇಲ್ಲಿ ಆಗುವುದಿಲ್ಲ. ಝಡ್‌ಡಬ್ಲ್ಯುಒ ಕಂಪನಿಯ ಎಎಸ್‌ಐ 120, 224, 462 ಅಂತೆಲ್ಲ ಮಾಡೆಲ್ ನಂಬರ್ ಕೇಳಿರುತ್ತೀರಿ. ಬೇರೆ ಕಂಪನಿಯವೂ ಇವೆ, ಒಳಗಿನ ಸೆನ್ಸರ್ ಬಹಳ ಸಲ ಒಂದೇ ಸೋನಿಯದು. ಹೆಸರಿಗಿಂತ ಸೆನ್ಸರಿನ ನಂಬರ್ ನೋಡಿ. ಕಪ್ಪು-ಬಿಳುಪು ಕ್ಯಾಮೆರಾ ಮೇಲು ಅಂತ ಓದಿರುತ್ತೀರಿ, ನಿಜ. ಆದರೆ ಫಿಲ್ಟರು, ಅದನ್ನು ತಿರುಗಿಸುವ ಚಕ್ರ, ಮೂರು ಪಟ್ಟು ಕೆಲಸ. ಮೊದಲನೆಯದು ಕಲರ್ ಇರಲಿ.

ಮೊದಲ ಕಷ್ಟ ಗ್ರಹವನ್ನು ಹುಡುಕುವುದೇ. ಬಾರ್ಲೋ ಹಾಕಿದ ಮೇಲೆ ಆ ಪುಟ್ಟ ಸೆನ್ಸರ್ ನೋಡುವ ಆಕಾಶ ಚಂದ್ರನ ಕಾಲು ಭಾಗದಷ್ಟೂ ಅಗಲ ಇರುವುದಿಲ್ಲ. ಕಿಟಕಿ ಬಿಟ್ಟು ಬೀಗದ ಕೈ ತೂತಿನಲ್ಲಿ ಇಣುಕಿದ ಹಾಗೆ. ಟೆಲಿಸ್ಕೋಪಿನ ಮೇಲೆ ಗುರಿ ಹಿಡಿಯಲು ಇರುವ ಫೈಂಡರನ್ನು ಹಗಲಲ್ಲೇ ದೂರದ ಮೊಬೈಲ್ ಟವರಿಗೆ ಗುರಿಯಿಟ್ಟು ಸರಿ ಮಾಡಿಕೊಳ್ಳಿ. ರಾತ್ರಿ ಮೊದಲು ಬಾರ್ಲೋ ಇಲ್ಲದೆ ಹುಡುಕಿ, ನಡುವಿಗೆ ತಂದು, ಆಮೇಲೆ ಬಾರ್ಲೋ ಹಾಕಿ. 2020ರ ಡಿಸೆಂಬರ್ 21ರಂದು ಗುರು-ಶನಿ ಬರೀ ಆರು ಆರ್ಕ್‌ಮಿನಿಟ್ (ಡಿಗ್ರಿಯ ಹತ್ತರ ಒಂದು ಪಾಲು) ದೂರದಲ್ಲಿ ಬಂದಿದ್ದವಲ್ಲ, 1200ರ ಟೆಲಿಸ್ಕೋಪಿನಲ್ಲಿ ಅದು ಎರಡು ಮಿಲಿಮೀಟರ್. ಎರಡೂ ಗ್ರಹ ಒಟ್ಟಿಗೆ ಆ ಪುಟ್ಟ ಸೆನ್ಸರಿನೊಳಗೆ ಹಿಡಿದವು. ಎಲ್ಲಿ ನೋಡಿದರೂ ಅದೇ ಜೋಡಿ ಫೋಟೋ.

ಇಲ್ಲಿಯವರೆಗೆ ಹೇಳಿದ್ದು ಬೆಳಕು ಧಾರಾಳವಾಗಿರುವ ಚಂದ್ರ, ಗ್ರಹಗಳ ಮಾತು. ನೀಹಾರಿಕೆ, ಗೆಲಾಕ್ಸಿ ಅಂದರೆ ಲೆಕ್ಕವೇ ಬೇರೆ.

ಭೂಮಿ ತಿರುಗುತ್ತಿರುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಆ ಕ್ಯಾನನ್‌ನಲ್ಲಿ ಒಂದು ಪಿಕ್ಸೆಲ್ 0.74 ಅಂದೆವಲ್ಲ. ಒಂದೇ ಸೆಕೆಂಡ್ ತೆರೆದಿಟ್ಟರೂ ನಕ್ಷತ್ರ 20 ಪಿಕ್ಸೆಲ್ ಉದ್ದದ ಗೆರೆ ಆಗುತ್ತದೆ. ಆಕಾಶದ ಜೊತೆ ತಿರುಗುವ ಸ್ಟ್ಯಾಂಡ್, ಅಂದರೆ ಮೌಂಟ್, ಇಲ್ಲದೆ ಎಷ್ಟು ಲಕ್ಷದ ಕ್ಯಾಮೆರಾ ಹಾಕಿದರೂ ಸಿಗುವುದು ಗೆರೆಗಳೇ. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಅನ್ನುವ ಅಮೆರಿಕದ ವೈದ್ಯ ಮಹಾವ್ಯಾಧನ (ಓರಿಯನ್) ನೀಹಾರಿಕೆಯ ಮೊದಲ ಫೋಟೋ ತೆಗೆದ. ಒಂದೇ ಫೋಟೋಗೆ 51 ನಿಮಿಷ. ಆಗಿನ ಫೋಟೋ ಫಲಕಕ್ಕಿಂತ ನಿಮ್ಮ ಜೇಬಿನ ಫೋನು ಎಷ್ಟೋ ಪಾಲು ಚುರುಕು. ಆದರೂ ಅವನ ಹತ್ತಿರ ಇದ್ದು ನಮ್ಮ ಹತ್ತಿರ ಇಲ್ಲದ್ದು ಒಂದಿತ್ತು: ಗಡಿಯಾರದ ಹಾಗೆ ಆಕಾಶವನ್ನು ಹಿಂಬಾಲಿಸುವ ಮೌಂಟ್.

ಹೀಗೆ ಹಿಂಬಾಲಿಸುವ ಈಕ್ವಟೋರಿಯಲ್ ಮೌಂಟಿನ ಒಂದು ಅಚ್ಚನ್ನು ಧ್ರುವದ ಕಡೆಗೆ ಗುರಿಯಿಡಬೇಕು. ಪುಸ್ತಕದಲ್ಲಿ ಒಂದು ಸಾಲು. ಮೈಸೂರಿನಲ್ಲಿ ಅದೊಂದು ದೊಡ್ಡ ಕಥೆ. ನಮ್ಮ ಅಕ್ಷಾಂಶ 12 ಡಿಗ್ರಿ ಚಿಲ್ಲರೆ. ಧ್ರುವ ನಕ್ಷತ್ರ ಅಷ್ಟೇ ಎತ್ತರದಲ್ಲಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಅಂದರೆ ದಿಗಂತದಿಂದ ಒಂದು ಮುಷ್ಟಿ, ಮೇಲೆ ಒಂದು ಬೆರಳು. ನನ್ನ ಮಹಡಿಯಿಂದ ಆ ಜಾಗದಲ್ಲಿ ಎದುರುಮನೆಯವರ ತೆಂಗಿನಮರ. ಗಾಳಿ ಬೀಸಿದಾಗ ಗರಿಯ ಸಂದಿಯಲ್ಲಿ ಧ್ರುವ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಅಂಥ ಧ್ರುವನೇ ನಮ್ಮ ಬೀದಿಯಲ್ಲಿ ಅಚಲ ಅಲ್ಲ! ಟ್ರೈಪಾಡನ್ನು ನೀರಿನ ಟ್ಯಾಂಕಿನ ಪಕ್ಕಕ್ಕೆ ಎತ್ತಿಕೊಂಡು ಹೋಗಿ, ಬಟ್ಟೆ ಒಣಹಾಕುವ ತಂತಿ ಬಿಚ್ಚಿ, ಅಂತೂ ಜಾಗ ಮಾಡಿಕೊಂಡೆ. ಆಗ ಗೊತ್ತಾಗಿದ್ದು ಇನ್ನೊಂದು. ಇಷ್ಟು ತಗ್ಗಿಸಿದಾಗ ಕೆಲವು ಮೌಂಟುಗಳಲ್ಲಿ ತೂಕದ ಗುಂಡು ಹಾಕುವ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಅವನ್ನು ಯೋಚಿಸಿ ಮಾಡಿದ್ದು 40, 50 ಡಿಗ್ರಿ ಅಕ್ಷಾಂಶದವರಿಗೆ. ಮೌಂಟ್ ಕೊಳ್ಳುವಾಗ 12 ಡಿಗ್ರಿಗೆ ಇಳಿಸಿ ತೋರಿಸಿ ಅಂತ ಕೇಳಿ.

ಇದಕ್ಕೆ ಬದಲಾಗಿ ನಮಗೆ ಸಿಗುವುದೂ ಇದೆ. ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗಳ ಗುಚ್ಛ ಏಪ್ರಿಲ್-ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ 30 ಡಿಗ್ರಿ ಏರುತ್ತದೆ, ಮೂರು ಮುಷ್ಟಿ. ದೆಹಲಿಯಲ್ಲಿ ಅದರ ಅರ್ಧದಷ್ಟೇ. ಲಂಡನ್ನಿನವರಿಗೆ ಹುಟ್ಟುವುದೇ ಇಲ್ಲ. ದೊಡ್ಡದು, ಹೊಳೆಯುವಂಥದ್ದು. ಚಿಕ್ಕ ಚಿಕ್ಕ ಎಕ್ಸ್‌ಪೋಷರ್ ಸಾಕು, ಹೊಸಬರಿಗೆ ಹೇಳಿ ಮಾಡಿಸಿದ್ದು.

ಇಂಥವಕ್ಕೆ ಡಿಎಸ್‌ಎಲ್‌ಆರ್ ಒಳ್ಳೆಯ ಆಯ್ಕೆ. ದೊಡ್ಡ ಸೆನ್ಸರ್, ಲ್ಯಾಪ್‌ಟಾಪ್ ಬೇಕಿಲ್ಲ, ಹಗಲು ಮಗುವಿನ ಹುಟ್ಟುಹಬ್ಬಕ್ಕೂ ಆಗುತ್ತದೆ. ಪಿಕ್ಸೆಲ್ ಲೆಕ್ಕ ಒಂದರಿಂದ ಎರಡು ಆರ್ಕ್‌ಸೆಕೆಂಡಿನ ನಡುವೆ ಬಂದರೆ ಚೆನ್ನ. 650ರ ಟೆಲಿಸ್ಕೋಪಿಗೆ ಆ 4.3 ಮೈಕ್ರಾನ್ ಹಾಕಿ ನೋಡಿ, 1.36 ಬರುತ್ತದೆ. 1200ಕ್ಕೆ ಹೋದರೆ ಆಂಡ್ರೊಮಿಡಾ ಗೆಲಾಕ್ಸಿ ಚೌಕಟ್ಟಿನಲ್ಲಿ ಹಿಡಿಯುವುದೇ ಇಲ್ಲ. ಅದು ಮೂರು ಡಿಗ್ರಿ ಉದ್ದ, ಚೌಕಟ್ಟು ಒಂದೇ ಡಿಗ್ರಿ. 650ರಲ್ಲಾದರೆ ಚೌಕಟ್ಟು ಸುಮಾರು ಎರಡು ಡಿಗ್ರಿ, ಬಹುಪಾಲು ಹಿಡಿಯುತ್ತದೆ. ಚಿಕ್ಕ ಟೆಲಿಸ್ಕೋಪ್ ಅಂತ ಕೀಳರಿಮೆ ಬೇಡ ಅಂತ ಹೇಳುವುದು ಇದಕ್ಕೇ. ಒಂದು ಕೊರತೆ ಮಾತ್ರ ಇದೆ. ನೀಹಾರಿಕೆಯ ಕೆಂಪು ಬಣ್ಣ ಹೈಡ್ರೊಜನ್‌ದು, 656 ನ್ಯಾನೊಮೀಟರ್. ಮಾಮೂಲಿ ಕ್ಯಾಮೆರಾದ ಸೆನ್ಸರಿನ ಮುಂದಿರುವ ಫಿಲ್ಟರ್ ಅದರ ಬಹುಪಾಲನ್ನು ತಡೆಯುತ್ತದೆ. ಆ ಫಿಲ್ಟರ್ ತೆಗೆಸಿದವರಿದ್ದಾರೆ. ಮೊದಲ ವರ್ಷವೇ ಆ ಆಪರೇಷನ್ ಬೇಡ.

ತಂಪು ಮಾಡುವ ಕ್ಯಾಮೆರಾ ಬಗ್ಗೆ ಆಮೇಲೆ ಒಬ್ಬರು ಕೇಳಿದರು. ಸೆನ್ಸರಿನ ಶಾಖ ಆರೇಳು ಡಿಗ್ರಿ ಏರಿದರೆ ಬೆಳಕೇ ಬೀಳದೆ ಅದರೊಳಗೆ ಹುಟ್ಟುವ ಕಳ್ಳ ಸಂಕೇತ ಎರಡರಷ್ಟಾಗುತ್ತದೆ. ನಮ್ಮ ಏಪ್ರಿಲ್ ರಾತ್ರಿಗಳಲ್ಲಿ ಅದು ಎದ್ದು ಕಾಣುತ್ತದೆ. ತಂಪು ಕ್ಯಾಮೆರಾ ಸುತ್ತಲಿನ ಗಾಳಿಗಿಂತ 35 ಡಿಗ್ರಿ ಕೆಳಗೆ ಇಳಿಸಬಲ್ಲದು. ಒಳ್ಳೆಯದೇ. ಆದರೆ ಆ ದುಡ್ಡು ಇದ್ದರೆ ಮೊದಲು ಮೌಂಟಿಗೆ ಹಾಕಿ. ಡಿಸೆಂಬರ್‌ನಲ್ಲಿ ನಮ್ಮೂರ ಚಳಿ ಪುಕ್ಕಟೆ.

ಮುಂದಿನ ಸಾಲಿನಲ್ಲಿದ್ದ ಪಿಯುಸಿ ಹುಡುಗಿ ಕೈ ಎತ್ತಿದಳು. "ಸರ್, ನಮ್ಮನೇಲಿ ಡಾಬ್ಸೋನಿಯನ್ ಇದೆ, ಕ್ಯಾಮೆರಾಗೆ ದುಡ್ಡಿಲ್ಲ. ಅಪ್ಪ ಆಗಲ್ಲ ಅಂತಾರೆ. ಏನ್ ಮಾಡ್ಲಿ?"

"ನಿನ್ನ ಹತ್ತಿರ ಫೋನ್ ಇದೆಯಲ್ಲಮ್ಮ" ಅಂದೆ. ಫೋನನ್ನು ಐಪೀಸಿಗೆ ಬಿಗಿಯುವ ಕ್ಲಿಪ್ ಸಿಗುತ್ತದೆ. 25 ಮಿ.ಮೀ. ಐಪೀಸ್ ಹಾಕು, ಚಂದ್ರನ ಮೇಲೆ ಬೆರಳಿಟ್ಟು ಒತ್ತಿ ಹಿಡಿ, ಬೆಳಕನ್ನು ಕೆಳಗೆ ಎಳೆ. ಕುಳಿಗಳು ತಾವಾಗೇ ಕಾಣುತ್ತವೆ. ಮೂರು ಸೆಕೆಂಡಿನ ಟೈಮರ್ ಇಡು, ಬೆರಳು ತಾಗಿದ ಅಲುಗಾಟ ಅಷ್ಟರಲ್ಲಿ ನಿಲ್ಲುತ್ತದೆ. ಹುಣ್ಣಿಮೆ ಬೇಡ, ಸಪ್ತಮಿ-ಅಷ್ಟಮಿಯ ಚಂದ್ರ ತೆಗಿ. ಬೆಳಕು-ನೆರಳಿನ ಗಡಿಯಲ್ಲೇ ಕುಳಿಗಳ ಆಳ ಗೊತ್ತಾಗುವುದು. ಗುರುವಿಗೂ ಫೋನಿನ ವಿಡಿಯೋ ಸಾಕು. ಗುರು ಓಡುತ್ತಿದ್ದರೆ ಓಡಲಿ, ಪಿಐಪಿಪಿ ಅನ್ನುವ ಪುಕ್ಕಟೆ ತಂತ್ರಾಂಶ ಪ್ರತಿ ಫ್ರೇಮನ್ನೂ ನಡುವಿಗೆ ತಂದು ಕೊಡುತ್ತದೆ.

ಕೊನೆಗೆ ಹಿರಿಯರೊಬ್ಬರು ಎದ್ದರು, ಮಂಡ್ಯದ ಕಡೆಯವರು. "ಆರು ತಿಂಗ್ಳು ಮೋಡವೇ ಇರ್ತದಲ್ಲ ಸ್ವಾಮಿ, ಆಗ ಇದನ್ನೆಲ್ಲ ಎಲ್ಲಿ ಇಕ್ಕೋದು?" ಎಲ್ಲರೂ ನಕ್ಕರು. ಆದರೆ ಅವತ್ತಿನ ಅತಿ ಉಪಯೋಗದ ಪ್ರಶ್ನೆ ಅದೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮಗೆ ಆಕಾಶ ಸಿಗುವುದು ಕಡಿಮೆ. ಆ ತೇವದಲ್ಲಿ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿಯುತ್ತದೆ, ಹಿಡಿದರೆ ಗಾಜಿನಲ್ಲಿ ಕಲೆ ಉಳಿದೇಬಿಡಬಹುದು. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿಯಲ್ಲಿ ಹೂತಿಡಬೇಡಿ, ದೂಳು ಕೂರುತ್ತದೆ. ಮತ್ತೆ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 'ಕ್ಯಾಮೆರಾ' ಅಂತ ಬರೆದಿಡಿ. ನಾನು ಬರೆದಿರಲಿಲ್ಲ. ಒಂದು ಗೌರಿಹಬ್ಬಕ್ಕೆ ಅಮ್ಮ ನನ್ನ ಬಾರ್ಲೋ, ಟಿ-ರಿಂಗ್ ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಸುರಿದು, ಆ ಡಬ್ಬಕ್ಕೆ ಚಕ್ಕುಲಿ ತುಂಬಿಟ್ಟಿದ್ದರು. ಚಕ್ಕುಲಿ ಮಾತ್ರ ತಿಂಗಳಾದರೂ ಗರಿಗರಿಯಾಗೇ ಇತ್ತು.